ಥಂಡಿಯ ಲೆಕ್ಕ, ಟ್ರ್ಯಾಕ್ಟರ್ ಪಾಳಿ

ಹವಾಮಾನದ ಮಾತು ಹೊತ್ತು ಕಳೆಯುವ ಮಾತು ಎಂಬ ತಿಳಿವಳಿಕೆ ಓದಿಕೊಂಡವರಲ್ಲಿ ಬಲವಾಗಿದೆ. ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್‌ಸ್ಕಿ 1923ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಇದಕ್ಕೆ ಶಾಸ್ತ್ರದ ಮುದ್ರೆಯನ್ನೇ ಒತ್ತಿದ. ನಾಲ್ಕು ಜನ ಸೇರಿದಾಗ ಆಡುವ ಕ್ಷೇಮಸಮಾಚಾರ, ಮಳೆ-ಬಿಸಿಲಿನ ಮಾತು ಯಾವ ಸುದ್ದಿಯನ್ನೂ ಮುಟ್ಟಿಸುವುದಿಲ್ಲ, ಮೌನದ ಮುಜುಗರ ಕಳೆದು ನಂಟು ಉಳಿಸುವುದಷ್ಟೇ ಅದರ ಕೆಲಸ ಎಂಬುದು ಅವನ ವಾದದ ಸಾರ. ನಗರದ ಲಿಫ್ಟಿನೊಳಗಿನ ಮಾತಿಗೆ ಇದು ಹೊಂದೀತು. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಡಿಸೆಂಬರ್-ಜನವರಿಯ ನಸುಕಿನಲ್ಲಿ ಕಡ್ಡಿ-ಕಸ ಒಟ್ಟಿ ಬೆಂಕಿ ಕಾಸುತ್ತ, ಚಾ ಕುಡಿಯುತ್ತ ನಿಂತ ಟ್ರ್ಯಾಕ್ಟರ್ ಮಾಲೀಕರ ಮಾತಿಗೆ ಹೊಂದುವುದಿಲ್ಲ. “ಕಾಕಾ, ರಾತ್ರಿ ಥಂಡಿ ಜೋರಿತ್ತಲ್ಲ?” ಎಂದು ಒಬ್ಬ ಕೇಳಿದರೆ, “ಥಂಡಿ ಬಿಡಪಾ, ತೊಗರ್ಯಾಗ ಮಂಜು ಬಿದ್ದದ ನೋಡು, ಹನ್ನೊಂದರ ತನಕ ಮಷಿನ್ ಹಚ್ಚಾಕ ಬರಂಗಿಲ್ಲ” ಎಂಬ ಉತ್ತರ ಬರುವಂಥ ಮಾತು ಅದು. ಇಷ್ಟರಲ್ಲೇ ಅಂದಿನ ರಾಶಿ ಎಷ್ಟು ಹೊತ್ತಿಗೆ, ಅಲ್ಲಿಯ ತನಕ ಯಾರ ಗಾಡಿ ಖಾಲಿ, ಆ ಖಾಲಿ ಹೊತ್ತಿನಲ್ಲಿ ಯಾರ ಹೊಲ ಹರಗಿ ಬರಬಹುದು ಎಂಬುದು ತೀರ್ಮಾನವಾಗಿರುತ್ತದೆ. ಊರಿನ ದುಡಿಮೆ ಹಂಚಿಕೆಯಾಗುವುದು ಈ ಮಾತಿನಲ್ಲಿ. ಇದನ್ನು ಹರಟೆ ಎಂದು ಬದಿಗಿಡುವವರು ಒಕ್ಕಲುತನದ ಲೆಕ್ಕದಲ್ಲಿ ಒಂದು ಮುಖ್ಯ ಬಾಬತ್ತನ್ನೇ ಬಿಟ್ಟುಬಿಡುತ್ತಾರೆ.

ಗೋಗಿಯನ್ನು ಇತಿಹಾಸ ಓದಿದವರು ಬಲ್ಲರು. ವಿಜಯಪುರದ ಆದಿಲ್‌ಶಾಹಿ ಮನೆತನ ಸ್ಥಾಪಿಸಿದ ಯೂಸುಫ್, ಅವನ ಮಗ ಇಸ್ಮಾಯಿಲ್, ಮೊಮ್ಮಗ ಮೊದಲನೆಯ ಇಬ್ರಾಹಿಂ ಇವರ ಗೋರಿಗಳು ಇಲ್ಲಿನ ಚಂದಾ ಹುಸೇನಿ ದರ್ಗಾದಲ್ಲಿವೆ. ಪತ್ರಿಕೆ ಓದುವವರು ಯುರೇನಿಯಂ ನಿಕ್ಷೇಪದ ಸಲುವಾಗಿ ಬಲ್ಲರು. ಚಳಿಯ ಮಾತಿಗೂ ಯುರೇನಿಯಂಗೂ ಏನು ಸಂಬಂಧ ಎಂದರೆ, ಸಂಬಂಧ ನೆಲದಡಿಯಲ್ಲಿದೆ. ಭೀಮಾ ತೀರದ ಸುಣ್ಣಕಲ್ಲಿನ ಪದರವೂ ಶಹಾಪುರದ ಕಡೆಯ ಗ್ರಾನೈಟ್ ಬಂಡೆಯೂ ಒಂದಕ್ಕೊಂದು ತಾಗುವ ಗಡಿ ಇದು. ಭೂವಿಜ್ಞಾನಿಗಳು ಗುರುತಿಸಿರುವ ಗೋಗಿ-ಕುರ್ಲಗೇರೆ ಸ್ತರಭಂಗ ಇಲ್ಲೇ ಹಾದುಹೋಗುತ್ತದೆ, ಯುರೇನಿಯಂ ಸಿಕ್ಕಿದ್ದೂ ಅದರ ಜಾಡಿನಲ್ಲೇ. ಮೇಲಿನ ಒಕ್ಕಲಿಗನಿಗೆ ಆ ಬಿರುಕು ಕಾಣಿಸದು, ಮಣ್ಣಿನ ಬದಲಾವಣೆ ಕಾಣಿಸುತ್ತದೆ. ಸುಣ್ಣಕಲ್ಲಿನ ಮೇಲೆ ಎರಿ, ಗ್ರಾನೈಟ್ ಸವೆದ ಕಡೆ ಮರಳು ಬೆರೆತ ಮಸಾರಿ. ಎರಿ ನೆಲ ಸೆಪ್ಟೆಂಬರ್‌ನಲ್ಲಿ ಕುಡಿದ ನೀರನ್ನು ಜನವರಿಯವರೆಗೆ ಹಿಡಿದಿಟ್ಟುಕೊಳ್ಳುತ್ತದೆ, ಒಣಗತೊಡಗಿದರೆ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಮಸಾರಿ ಬೇಗ ಆರುತ್ತದೆ, ಬೇಗ ಗಟ್ಟಿಯಾಗುತ್ತದೆ. ಇದರ ಮೇಲೆ ಕಾಲುವೆ. 1964ರ ಮೇ 22ರಂದು ಲಾಲ್‌ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಮುಗಿದದ್ದು 1982ರಲ್ಲಿ. ಅಲ್ಲಿಂದ ಎಡದಂಡೆ ಕಾಲುವೆಯೂ ಅದರ ಕವಲುಗಳೂ ಸುರಪುರ, ಶಹಾಪುರ ತಾಲ್ಲೂಕುಗಳಿಗೆ ನೀರು ತಂದವು. ಹೀಗಾಗಿ ಈ ಭಾಗದಲ್ಲಿ ಬದು ದಾಟಿದರೆ ಒಂದು ಕಡೆ ನೆಲ್ಲು, ಇನ್ನೊಂದು ಕಡೆ ಬರೀ ಮಣ್ಣಿನ ಹಸಿ ನಂಬಿದ ಬಿಳಿಜೋಳ. ಒಂದೇ ರಾತ್ರಿಯ ಚಳಿ ಈ ಎರಡು ಹೊಲಗಳಲ್ಲಿ ಎರಡು ಬೇರೆ ಪರಿಣಾಮ ಮಾಡುತ್ತದೆ.

ಈಗ ಮುನ್ಸೂಚನೆಯ ಕಡೆ ನೋಡೋಣ. 2025ರ ಮೇ ತಿಂಗಳಲ್ಲಿ ದೇಶ ಬಳಕೆಗೆ ತಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಂ ಆರು ಕಿಲೋಮೀಟರ್ ಅಂತರದ ಚೌಕಗಳಲ್ಲಿ ಲೆಕ್ಕ ಹಾಕುತ್ತದೆ. ಅದಕ್ಕೆ ಮುಂಚಿನ ಮಾದರಿಗಳ ಚೌಕ ಹನ್ನೆರಡು ಕಿಲೋಮೀಟರ್. ದೊಡ್ಡ ಪ್ರಗತಿಯೇ ಸರಿ. ಆದರೆ ಆರು ಕಿಲೋಮೀಟರ್ ಚೌಕವೆಂದರೆ 36 ಚದರ ಕಿಲೋಮೀಟರ್, ಎರಿ-ಮಸಾರಿ-ಕಾಲುವೆ ಮೂರೂ ಅದರೊಳಗೆ ಒಂದೇ ಅಂಕಿಯಾಗಿ ಬೆರೆತುಹೋಗುತ್ತವೆ. ಇನ್ನೊಂದು ಸಂಗತಿ ಇದೆ. ಹವಾಮಾನ ಇಲಾಖೆ ಹೇಳುವ ಕನಿಷ್ಠ ಉಷ್ಣಾಂಶ ಆಳೆತ್ತರಕ್ಕಿಂತ ತುಸು ಕೆಳಗೆ, ಗಾಳಿಯಾಡುವ ಪೆಟ್ಟಿಗೆಯೊಳಗೆ ಅಳೆದದ್ದು. ಮೋಡವಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ, ಬೆಳೆಯ ಎಲೆ ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ, ತಂಪು ಗಾಳಿ ಭಾರವಾಗಿ ತಗ್ಗಿಗೆ ಹರಿಯುತ್ತದೆ. ಫೋನಿನಲ್ಲಿ 13 ಡಿಗ್ರಿ ಎಂದು ತೋರಿಸಿದ ನಸುಕಿನಲ್ಲಿ ಹಳ್ಳದ ದಂಡೆಯ ಹೊಲದ ಎಲೆ ಅದಕ್ಕಿಂತ ಎಷ್ಟೋ ತಣ್ಣಗಿದ್ದೀತು. ದಿಬ್ಬದ ಹೊಲದಲ್ಲಿ ಇಬ್ಬನಿಯೇ ಬೀಳದೆ, ತಗ್ಗಿನ ಹೊಲದಲ್ಲಿ ಧೋತರ ಮೊಣಕಾಲ ತನಕ ತೊಯ್ಯುವುದು ಇದೇ ಕಾರಣಕ್ಕೆ. ಆ ವ್ಯತ್ಯಾಸ ತಿಳಿಯಬೇಕೆಂದರೆ ನಸುಕಿನಲ್ಲಿ ತಗ್ಗಿನಿಂದ ಬಂದವನನ್ನೂ ದಿಬ್ಬದಿಂದ ಬಂದವನನ್ನೂ ಒಂದೇ ಕಡೆ ನಿಲ್ಲಿಸಿ ಕೇಳಬೇಕು. ಬೆಂಕಿಯ ಸುತ್ತ ಆಗುವುದು ಅದೇ.

ಇಬ್ಬನಿಯ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಚಳಿಗಾಲದ ಟ್ರ್ಯಾಕ್ಟರ್ ದಿನಚರಿ ನಿಂತಿರುವುದೇ ಅದರ ಮೇಲೆ. ಬಲಿತು ಒಣಗಿದ ತೊಗರಿಯನ್ನು, ಆಮೇಲೆ ಕಡಲೆಯನ್ನು, ಮಂಜು ಆರುವ ಮೊದಲೇ ಕೊಯ್ಯುವುದು ವಾಡಿಕೆ. ತೊಯ್ದ ಕಾಯಿ ಮೆತ್ತಗಿರುತ್ತದೆ, ಕೈ ತಾಗಿದರೆ ಸಿಡಿಯದು. ಬಿಸಿಲೇರಿದ ಮೇಲೆ ಕುಡುಗೋಲು ಹಾಕಿದರೆ ಕಾಳು ನೆಲದ ಪಾಲು. ರಾಶಿಗೆ ಇದರ ತಿರುವುಮುರುವು. ಮಂಜು ಹೀರಿದ ಕಟ್ಟಿಗೆಯನ್ನು ಮಷಿನ್‌ಗೆ ಕೊಟ್ಟರೆ ಅದು ಮುರಿಯುವ ಬದಲು ನಾರುನಾರಾಗಿ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ, ಬೆಲ್ಟ್ ಜಾರುತ್ತದೆ, ಟ್ರ್ಯಾಕ್ಟರ್ ಹೊಗೆ ಕಾರುತ್ತ ಗೋಳಿಡುತ್ತದೆ, ಒಡೆಯದ ಕಾಯಿ ಹೊಟ್ಟಿನ ಜೊತೆ ಆಚೆ ಹೋಗುತ್ತದೆ. ಅಂದರೆ ಒಂದೇ ಇಬ್ಬನಿ ಕೊಯ್ಲಿಗೆ ಬೇಕು, ರಾಶಿಗೆ ಬೇಡ. ಹತ್ತಿಯ ಮಾತು ಬೇರೆ. ಮಂಜಿನಲ್ಲಿ ಬಿಡಿಸಿದ ಹತ್ತಿ ತೂಕ ಬರುತ್ತದೆ ಎಂಬ ಆಸೆ ಯಾರಿಗಾದರೂ ಇದ್ದೀತು, ಆದರೆ ಭಾರತೀಯ ಹತ್ತಿ ನಿಗಮ ಖರೀದಿಗೆ ಶೇ 8ರ ತೇವವನ್ನು ಅಳತೆಗೋಲಾಗಿ ಇಟ್ಟುಕೊಂಡಿದೆ, ಅದಕ್ಕಿಂತ ಏರಿದಷ್ಟೂ ದರ ಇಳಿಸುತ್ತದೆ, ಶೇ 12 ದಾಟಿದರೆ ಕೊಳ್ಳುವುದೇ ಇಲ್ಲ. ಬೆಂಬಲ ಬೆಲೆಯ ತೊಗರಿಗೂ ಶೇ 12ರ ಮಿತಿ ಇದೆ. ಮಂಜು ಎಷ್ಟು ಬಿತ್ತು, ಎಷ್ಟಕ್ಕೆ ಆರೀತು ಎಂಬ ಪ್ರಶ್ನೆಗೆ ಹೀಗೆ ನೇರವಾಗಿ ರೂಪಾಯಿಯಲ್ಲಿ ಉತ್ತರ ಬರುತ್ತದೆ. ಕೊಯ್ಲಿನವರನ್ನು ಆರು ಗಂಟೆಗೆ ಹೊಲಕ್ಕೆ ಬಿಟ್ಟು, ಒಂಬತ್ತಕ್ಕೆ ಬೇರೊಬ್ಬರ ಗೊಬ್ಬರ ಹೊಡೆದು, ಹನ್ನೊಂದೂವರೆಗೆ ರಾಶಿ ಮಷಿನ್ ಹಚ್ಚಿ, ಸಂಜೆ ಚೀಲ ಹೇರಿಕೊಂಡು ಬರುವ ಮಾಲೀಕ ತನ್ನ ದಿನವನ್ನು ಗಡಿಯಾರಕ್ಕಿಂತ ಹೆಚ್ಚಾಗಿ ಇಬ್ಬನಿಗೆ ಹೊಂದಿಸಿರುತ್ತಾನೆ.

ಚಳಿ ಬೀಳದಿದ್ದರೆ ಮಾತು ಬೇರೆ ದಾರಿ ಹಿಡಿಯುತ್ತದೆ, ದನಿಯೂ ತಗ್ಗುತ್ತದೆ. ಬಯಲುಸೀಮೆಯವನು ಥಂಡಿಗೆ ಬೈಯುತ್ತಲೇ ಅದನ್ನು ಬಯಸುತ್ತಾನೆ. ಹಿಂಗಾರಿ ಜೋಳ, ಅದರಲ್ಲೂ ಸೋಲಾಪುರ ಸೀಮೆಯಿಂದ ಬಂದು ಈ ಕಡೆಯೆಲ್ಲ ನೆಲೆಯೂರಿದ ಮಾಲದಂಡಿ, ಬಿತ್ತಿದ ಮೇಲೆ ಮಳೆಯ ಮುಖ ಕಾಣುವುದೇ ಅಪರೂಪ. ಮಣ್ಣಿನಲ್ಲಿ ಉಳಿದ ಹಸಿಯೇ ಅದರ ಬಂಡವಾಳ. ಚಳಿ ಚೆನ್ನಾಗಿದ್ದರೆ ಹಸಿ ನಿಧಾನ ಖರ್ಚಾಗುತ್ತದೆ, ಕಾಳು ತುಂಬಲು ದಿನ ಸಿಗುತ್ತದೆ. ಕಡಲೆಗೂ ಗೋಧಿಗೂ ಇದೇ ನ್ಯಾಯ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಈ ಲೆಕ್ಕವೆಲ್ಲ ತಲೆಕೆಳಗು. 2022ರ ಡಿಸೆಂಬರ್‌ನಲ್ಲಿ ಮಾಂಡೂಸ್ ಚಂಡಮಾರುತ ಮಹಾಬಲಿಪುರದ ಹತ್ತಿರ ದಡ ಮುಟ್ಟಿತು, 2024ರ ನವೆಂಬರ್ ಕೊನೆಗೆ ಫೆಂಗಲ್ ಪುದುಚೇರಿಯ ಬಳಿ ಬಂತು. ಎರಡೂ ಸಲ ಕರ್ನಾಟಕದ ಮೇಲೂ ಮೋಡ ಹರಡಿತು. ಸಮುದ್ರ ನೂರಾರು ಕಿಲೋಮೀಟರ್ ದೂರವಿದ್ದರೂ ಅಂಥ ಮೋಡ ಗೋಗಿಯ ಹೊಲಕ್ಕೆ ಬಂದರೆ ರಾತ್ರಿ ನೆಲದ ಬಿಸಿ ಮೇಲೆ ಹೋಗಲಾರದೆ ಚಳಿ ಮಾಯವಾಗುತ್ತದೆ, ಹೂವು-ಎಳೆಗಾಯಿ ಹಂತದ ತೊಗರಿಯಲ್ಲಿ ಕಾಯಿಕೊರಕ ಏಳುತ್ತದೆ. ಆಗ ಎಣ್ಣೆ ಹೊಡೆಯಬೇಕು. ಬೋರು-ಬಾವಿ ಇಲ್ಲದ ಒಣಹೊಲಕ್ಕೆ ಸಿಂಪಡಣೆಯ ನೀರು ಹೋಗುವುದು ಟ್ರ್ಯಾಕ್ಟರ್ ಮೇಲೆ, ಬ್ಯಾರಲ್ಲಿನಲ್ಲಿ. ಅದೇ ದಿನ ಬಿಳಿ ಹತ್ತಿ ಗಿಡದಲ್ಲೇ ಇದ್ದವನು ತೋಯುವ ಮೊದಲು ಬಿಡಿಸಿ ಮನೆಗೆ ಸಾಗಿಸಬೇಕು, ಕಣದಲ್ಲಿ ತೊಗರಿ ಒಟ್ಟಿದವನು ತಾಡಪತ್ರಿ ಹುಡುಕಬೇಕು. ಮೂರೂ ಜನಕ್ಕೆ ಗಾಡಿ ಬೇಕಾದದ್ದು ಒಂದೇ ಮಧ್ಯಾಹ್ನ. ಯಾರಿಗೆ ಮೊದಲು ಎಂಬುದನ್ನು ಯಾವ ಆ್ಯಪೂ ಹೇಳದು.

ಇನ್ನು ಚಳಿಯಲ್ಲಿ ಗಾಡಿಯ ಪಾಡು. ನಸುಕಿನ ಮಾತಿನಲ್ಲಿ ಕಾಲು ಭಾಗವಾದರೂ ಸೆಲ್ಫ್ ಹೊಡೆದರೂ ಏಳದ ಇಂಜಿನ್ನಿನದೇ ಇರುತ್ತದೆ. ಡೀಸೆಲ್ ಇಂಜಿನ್ನಿಗೆ ಕಿಡಿ ಹಚ್ಚುವ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿ, ಆ ಬಿಸಿಗೆ ಎಣ್ಣೆ ಚಿಮ್ಮಿಸಿ ಹೊತ್ತಿಸಬೇಕು. ರಾತ್ರಿಯೆಲ್ಲ ಬಯಲಲ್ಲಿ ನಿಂತ ಕಬ್ಬಿಣ ಆ ಬಿಸಿಯನ್ನು ಮೊದಲು ತಾನೇ ಕುಡಿದುಬಿಡುತ್ತದೆ. ಇಂಜಿನ್ ಆಯಿಲ್ ಮಂದವಾಗಿ ತಿರುಗಲು ತಡೆಯಾಗುತ್ತದೆ, ಅದೇ ಹೊತ್ತಿಗೆ ಬ್ಯಾಟರಿಯ ಶಕ್ತಿಯೂ ಕುಗ್ಗಿರುತ್ತದೆ. ಡೀಸೆಲ್ಲೇ ಹೆಪ್ಪುಗಟ್ಟಿತು ಎಂದು ಕೆಲವರು ಹೇಳುವುದುಂಟು, ಈ ಸೀಮೆಯ ಮಟ್ಟಿಗೆ ಅದು ಸರಿಯಲ್ಲ. ಭಾರತೀಯ ಮಾನಕದ ಪ್ರಕಾರ ಚಳಿಗಾಲದ ಡೀಸೆಲ್ 6 ಡಿಗ್ರಿಯವರೆಗೂ ಫಿಲ್ಟರ್ ಕಟ್ಟದೆ ಹರಿಯಬೇಕು, ಗೋಗಿಯ ಸಾಮಾನ್ಯ ಥಂಡಿ ಅಷ್ಟು ಕೆಳಗಿಳಿಯುವುದಿಲ್ಲ. ಕೆನಡಾದ ರೈತ ರಾತ್ರಿ ಇಂಜಿನ್ನಿಗೆ ಕರೆಂಟಿನ ಹೀಟರ್ ಹಚ್ಚಿ ಮಲಗುತ್ತಾನೆ. ನಮ್ಮಲ್ಲಿ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು ಮಲಗಿದರೆ ಸಾಕು, ಬೆಳಿಗ್ಗೆ ಕಲ್ಲು ತೆಗೆದು ಗೇರಿಗೆ ಹಾಕಿದರೆ ಉರುಳುತ್ತಲೇ ಏಳುತ್ತದೆ. ಇಳಿಜಾರು ಇಲ್ಲದವನಿಗೆ ಮಗ್ಗುಲ ಮನೆಯ ಟ್ರ್ಯಾಕ್ಟರೇ ಗತಿ: ಸರಪಳಿ ಕಟ್ಟಿ ಎಳೆದು ಎಬ್ಬಿಸಬೇಕು. ಎರಡು ಟನ್ ತೂಗುವ ಗಾಡಿಯನ್ನು ಇನ್ನೊಂದು ಟ್ರ್ಯಾಕ್ಟರೇ ಎಳೆಯಬೇಕಷ್ಟೆ, ನಾಲ್ಕು ಹುಡುಗರ ಧಕ್ಕಾ ಸಾಲದು. ಟ್ರ್ಯಾಕ್ಟರ್ ಬಂದ ಮೇಲೆ ಊರಲ್ಲಿ ಯಾರಿಗೂ ಯಾರೂ ಬೇಡವಾದರು ಎಂದು ಬರೆಯುವವರು ಈ ಸರಪಳಿಯನ್ನು ಗಮನಿಸಿದ ಹಾಗಿಲ್ಲ.

ಎತ್ತಿನ ಕಾಲದಲ್ಲಿ ಒಂದೊಂದೇ ಎತ್ತು ಇದ್ದ ಇಬ್ಬರು ಜೋಡಿ ಕಟ್ಟಿಕೊಂಡು ಪಾಳಿ ಮೇಲೆ ಉತ್ತುಕೊಳ್ಳುತ್ತಿದ್ದರು, ಆಳಿಗೆ ಆಳು ಎಂದು ಮುಯ್ಯಿ ತೀರಿಸುತ್ತಿದ್ದರು. ಟ್ರ್ಯಾಕ್ಟರ್ ಆ ಪದ್ಧತಿಯನ್ನು ಅಳಿಸಿತು ಎಂಬುದು ಅರ್ಧ ನಿಜ. ಮುಯ್ಯಾಳು ಹೋಯಿತು, ಅವಲಂಬನೆ ಹೋಗಲಿಲ್ಲ. ಬ್ಯಾಂಕುಗಳು ಬಹುಕಾಲ ಇಟ್ಟುಕೊಂಡು ಬಂದ ಲೆಕ್ಕದಲ್ಲಿ ಟ್ರ್ಯಾಕ್ಟರ್ ವರ್ಷಕ್ಕೆ 1000 ಗಂಟೆ ದುಡಿದರೆ ಮಾತ್ರ ಸಾಲಕ್ಕೆ ಹೊಂದುತ್ತದೆ. ಹತ್ತು ಎಕರೆಯವನು ಉಳುಮೆ, ಬಿತ್ತನೆ, ಎಡೆ, ಸಾಗಣೆ ಎಲ್ಲವನ್ನೂ ಸ್ವಂತ ಗಾಡಿಯಲ್ಲೇ ಮಾಡಿದರೂ ಅದರ ಕಾಲು ಭಾಗ ಮುಟ್ಟುವುದು ಕಷ್ಟ. ಉಳಿದದ್ದನ್ನು ಅಕ್ಕಪಕ್ಕದ ಹೊಲಗಳೇ ಕೊಡಬೇಕು, ಇಲ್ಲವಾದರೆ ಆರು ತಿಂಗಳ ಕಂತು ಹತ್ತಿ ಮಾರಿದ ದುಡ್ಡನ್ನೇ ನುಂಗುತ್ತದೆ. ಅತ್ತ ಟ್ರ್ಯಾಕ್ಟರ್ ಇಲ್ಲದ ಮೂರೆಕರೆಯವನಿಗೆ ಬೇಕಾದ ದಿನ ಗಾಡಿ ಸಿಗದಿದ್ದರೆ ಹಸಿ ಆರಿಹೋಗುತ್ತದೆ. ಇಬ್ಬರಿಗೂ ಪಾಳಿ ಬೇಕು, ಆ ಪಾಳಿಯನ್ನು ಯಾವ ಕಚೇರಿಯೂ ಬರೆಯುವುದಿಲ್ಲ. ಚಳಿಗಾಲದಲ್ಲಿ ಇದು ಇನ್ನೂ ಬಿಗಿ, ಏಕೆಂದರೆ ತೊಗರಿ ಕೊಯ್ಲು, ಹತ್ತಿ ಬಿಡಿಸುವುದು, ಜೋಳದ ಎಡೆ, ನೆಲ್ಲಿನ ಹುಲ್ಲು ಸಾಗಿಸುವುದು ಒಂದರ ಮೇಲೊಂದು ಬೀಳುತ್ತವೆ. ಕೂಲಿಗೆ ಬೆಂಗಳೂರು, ಪುಣೆ, ಮುಂಬೈ ದಾರಿ ಹಿಡಿಯುವ ಕುಟುಂಬಗಳು ಈ ತಾಲ್ಲೂಕುಗಳಲ್ಲಿ ಕಡಿಮೆಯಿಲ್ಲ, ಕೈಗಳು ಕಡಿಮೆಯಾದಷ್ಟೂ ಗಾಡಿಯ ಮೇಲಿನ ಭಾರ ಹೆಚ್ಚು. ಎಳ್ಳಮಾವಾಸ್ಯೆಯ ದಿನವೊಂದೇ ಎಲ್ಲ ಟ್ರ್ಯಾಕ್ಟರ್‌ಗಳೂ ಬಾಡಿಗೆ ಮರೆತು, ಸಜ್ಜೆ ರೊಟ್ಟಿ-ಭಜ್ಜಿಯ ಬುಟ್ಟಿ, ಮಕ್ಕಳು-ಮರಿ, ನೆಂಟರನ್ನೆಲ್ಲ ಡಬ್ಬಿಯಲ್ಲಿ ತುಂಬಿಕೊಂಡು ಚರಗ ಚೆಲ್ಲಲು ಹೊಲಕ್ಕೆ ಹೊರಡುತ್ತವೆ. ಅಂದು ಎಲ್ಲರೂ ಎಲ್ಲರ ಬೆಳೆಯನ್ನು ಕಣ್ಣಾರೆ ನೋಡಿರುತ್ತಾರೆ. ಯಾರ ಹೊಲ ಎಷ್ಟು ದಿನಕ್ಕೆ ಕೊಯ್ಲಿಗೆ ಬರುತ್ತದೆ ಎಂಬ ಮುಂದಿನ ಹದಿನೈದು ದಿನಗಳ ಪಾಳಿಗೆ ಅದಕ್ಕಿಂತ ಒಳ್ಳೆಯ ಸಮೀಕ್ಷೆ ಇಲ್ಲ.

ಥಂಡಿಯ ಮಾತು ಕಡೆಗೆ ಹೋಗಿ ನಿಲ್ಲುವುದು ಕಾಲುವೆಯಲ್ಲಿ. ಹಿಂಗಾರಿಗೆ ನೀರು ಬಿಡಬೇಕೋ ಬೇಡವೋ, ಬಿಟ್ಟರೆ ಎಲ್ಲಿಯ ತನಕ, ಎಷ್ಟು ದಿನ ಹರಿಸಿ ಎಷ್ಟು ದಿನ ನಿಲ್ಲಿಸುವುದು ಎಂಬ ವಾರಾಬಂದಿಯನ್ನು ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ನಾರಾಯಣಪುರದಲ್ಲಿ ಗೇಟು ಎತ್ತಿದ ನೀರು ಕಾಲುವೆಯ ಕೊನೆಯ ಹೊಲಕ್ಕೆ ಬರುವಷ್ಟರಲ್ಲಿ ದಿನಗಳು ಕಳೆಯುತ್ತವೆ, ಬಂದೇ ಬರುತ್ತದೆಂಬ ಖಾತರಿಯೂ ಇಲ್ಲ. ಎರಿ ಹೊಲಕ್ಕೆ ನೀರು ಹಾಯಿಸಿದ ಮೇಲೆ, ಅದೂ ಚಳಿಯಲ್ಲಿ, ನೆಲ ಆರಲು ಬೇಸಿಗೆಗಿಂತ ಹೆಚ್ಚು ದಿನ ಬೇಕು. ಅವಸರದಿಂದ ಗಾಡಿ ಇಳಿಸಿದವನು ಗಾಲಿ ಹೂತುಕೊಂಡು ಮತ್ತೊಂದು ಗಾಡಿಯ ಸರಪಳಿಗೆ ಕಾಯಬೇಕು. ಆದ್ದರಿಂದ ನೀರು ಎಂದು ಬರುತ್ತದೆ ಎಂಬ ಸುದ್ದಿಯೂ ಚಳಿ ಎಷ್ಟು ದಿನ ನಿಲ್ಲುತ್ತದೆ ಎಂಬ ಅಂದಾಜೂ ಒಂದೇ ಲೆಕ್ಕದ ಎರಡು ಬಾಜು.

ಇಷ್ಟಾದರೂ ಒಪ್ಪದವರಿದ್ದಾರೆ, ಅವರ ಮಾತಿನಲ್ಲೂ ಹುರುಳಿದೆ. ಕೈಯಲ್ಲಿ ಫೋನಿರುವಾಗ ಬೆಂಕಿ ಸುತ್ತ ನಿಲ್ಲುವುದೇಕೆ ಎಂಬುದು ಮೊದಲ ಆಕ್ಷೇಪ. ಮೇಘದೂತ್ ಆ್ಯಪ್ 2019ರಿಂದ ಇದೆ. ಹವಾಮಾನ ಇಲಾಖೆಯ ಕೃಷಿ ಸಲಹೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ ಹೊರಡುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ, ವರುಣಮಿತ್ರ ಸಹಾಯವಾಣಿ ನಡೆಸುತ್ತಿದೆ. ಕೇರಳದ ಮೀನುಗಾರರ ಮೇಲೆ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಫೋನಿನ ಪರ ಗಟ್ಟಿ ಸಾಕ್ಷ್ಯ: ಮೊಬೈಲ್ ಬಂದ ಮೇಲೆ ದಡದಿಂದ ದಡಕ್ಕೆ ಇದ್ದ ಬೆಲೆಯ ಅಂತರ ಕರಗಿತು, ಕೊಳೆತು ಬಿಸಾಡುವ ಮೀನು ಇಲ್ಲವಾಯಿತು. ಆದರೆ ಅಲ್ಲಿ ಫೋನ್ ಮಾಡಿದ್ದೇನು? ಒಂದು ದಡದ ಮನುಷ್ಯನನ್ನು ಇನ್ನೊಂದು ದಡದವನೊಂದಿಗೆ ಮಾತಾಡಿಸಿತು. ಮೇಲಿನಿಂದ ಬರುವ ಸಲಹೆಯ ಸಂದೇಶ ಬೇರೆ ಜಾತಿಯದು, ಅದನ್ನು ತಿರುಗಿ ಪ್ರಶ್ನಿಸಲು ಆಗದು. ಮುನ್ಸೂಚನೆಯನ್ನು ಜಿಲ್ಲೆಯ ಬೆಳೆಗೆ ತಕ್ಕಂತೆ ಬಿಡಿಸಿ ಹೇಳಲೆಂದು ದೇಶದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ತೆರೆದಿದ್ದ 199 ಜಿಲ್ಲಾ ಘಟಕಗಳನ್ನು 2024ರ ಮಾರ್ಚ್‌ ಹೊತ್ತಿಗೆ ಮುಚ್ಚಲು ಆದೇಶವಾದದ್ದನ್ನು ನೋಡಿದರೆ, ನಡುವಿನ ಈ ಅನುವಾದದ ಕೆಲಸದ ಬೆಲೆ ಸರ್ಕಾರಕ್ಕೂ ಪೂರ್ತಿ ತಿಳಿದಂತಿಲ್ಲ. ಫೋನ್ ಬೆಂಕಿಯ ಸುತ್ತಲೇ ಇದೆ, ಯಾರಾದರೊಬ್ಬರು ಅದನ್ನು ತೆಗೆದು ತೋರಿಸುತ್ತಾರೆ, ಉಳಿದವರು ಅದನ್ನು ತಮ್ಮ ಹೊಲಕ್ಕೆ ಒರೆ ಹಚ್ಚುತ್ತಾರೆ. ಎರಡೂ ಒಂದಕ್ಕೊಂದು ಬೇಕು.

ಎರಡನೆಯ ಆಕ್ಷೇಪ ಇನ್ನೂ ಚುರುಕು: ಊರ ಮಾತು ಎಷ್ಟೋ ಸಲ ತಪ್ಪು. ಒಪ್ಪಬೇಕಾದ್ದೇ. ಡೀಸೆಲ್ ಹೆಪ್ಪುಗಟ್ಟುವ ಕಥೆ ಮೇಲೆ ಬಂತು. ಅದಕ್ಕಿಂತ ದುಬಾರಿಯಾದದ್ದು ತೊಗರಿ ಹೂವಿನ ವಿಷಯ. ಗಿಡದಡಿ ಹಳದಿ ಹೂವು ಉದುರಿದ್ದು ಕಂಡೊಡನೆ ಮಂಜಿನ ಮೇಲೆ ತಪ್ಪು ಹೊರಿಸುವುದು ರೂಢಿ. ತೊಗರಿ ಹುಟ್ಟುಗುಣದಿಂದಲೇ ತನ್ನ ಹೂವಿನ ಬಹುಪಾಲನ್ನು ಉದುರಿಸುವ ಬೆಳೆ. ಚಳಿ, ಮಂಜು, ಮೋಡ ಅದನ್ನು ಹೆಚ್ಚಿಸಬಹುದು, ಹುಟ್ಟಿಸಿದ್ದು ಅವಲ್ಲ. ಇದು ಗೊತ್ತಿಲ್ಲದ ಕಡೆ ಗೊಬ್ಬರದಂಗಡಿಯ ಬಣ್ಣಬಣ್ಣದ ಬಾಟಲಿ ಖರ್ಚಾಗುತ್ತದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯ ಹೂ ಉದುರುವುದನ್ನು ತಗ್ಗಿಸಲೆಂದೇ ‘ಪಲ್ಸ್ ಮ್ಯಾಜಿಕ್’ ರೂಪಿಸಿದೆ, ಯಾವ ಹಂತದಲ್ಲಿ ಎಷ್ಟು ಹೊಡೆಯಬೇಕೆಂದು ಹೇಳಿದೆ. ಶಹಾಪುರದ ಪಕ್ಕದ ಭೀಮರಾಯನಗುಡಿಯಲ್ಲಿ ಅದೇ ವಿಶ್ವವಿದ್ಯಾಲಯದ ಕೃಷಿ ಕಾಲೇಜಿದೆ, ಸುರಪುರ ತಾಲ್ಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಅವರ ಮಾತು ಬೆಂಕಿಯವರೆಗೆ ಬರಬೇಕಾದರೆ, ಅಲ್ಲಿ ನಾಲ್ಕು ಜನ ನಂಬುವ ಒಬ್ಬ ಟ್ರ್ಯಾಕ್ಟರ್ ಮಾಲೀಕನಿಗೆ ಮೊದಲು ಬರಬೇಕು. ಊರಿನ ಹೊಲಗಳನ್ನೆಲ್ಲ ಸುತ್ತುವ, ಯಾರ ಹೊಲದಲ್ಲಿ ಏನು ಹೊಡೆದರು, ಏನಾಯಿತು ಎಂದು ಕಂಡಿರುವ ಮನುಷ್ಯ ಅವನೊಬ್ಬನೇ. ತಪ್ಪು ಹರಡುವ ದಾರಿಯೂ ಅದೇ, ತಿದ್ದುಪಡಿ ಹರಡುವ ದಾರಿಯೂ ಅದೇ.

ಮೂರನೆಯವರು ಹೇಳುತ್ತಾರೆ: ಇದು ನೆರೆಹೊರೆ ಮಾತಲ್ಲ, ಬಾಡಿಗೆ ಏರಿಸುವ ಕೂಟ. ಮಾಲೀಕರೆಲ್ಲ ಒಂದೆಡೆ ನಿಂತು ಮಾತಾಡಿದರೆ ಎಕರೆಯ ದರವೂ ಒಂದೇ ಆಗುತ್ತದೆ, ಡೀಸೆಲ್ ಏರಿದ ದಿನ ಏರಿದ ದರ ಇಳಿದ ದಿನ ಇಳಿಯುವುದಿಲ್ಲ. ಈ ದೂರನ್ನು ತಳ್ಳಿಹಾಕಲಾಗದು. ಆದರೂ ಇದಕ್ಕೊಂದು ಮಗ್ಗುಲಿದೆ. ಮೋಡ ಕವಿದ ಮಧ್ಯಾಹ್ನ ಮೂರು ಜನ ಒಂದೇ ಗಾಡಿಗೆ ಬಿದ್ದಾಗ, ಎಲ್ಲರೆದುರು ಆಡಿದ ದರವೇ ಹೆಚ್ಚು ಕೇಳದಂತೆ ತಡೆಯುವ ಬೇಲಿಯಾಗುತ್ತದೆ. ಮುಚ್ಚಿದ ಬಾಗಿಲ ಹಿಂದೆ ಫೋನಿನಲ್ಲಿ ಕುದುರುವ ದರಕ್ಕೆ ಆ ಬೇಲಿ ಇಲ್ಲ. ಚಾ ಅಂಗಡಿಯ ಮುಂದೆ ಗಾಡಿ ಇಲ್ಲದವನೂ ನಿಂತು ಕೇಳುತ್ತಿರುತ್ತಾನೆ, ನಾಳೆ ನಾಡಿದ್ದು ಚುನಾವಣೆ, ಸೊಸೈಟಿ, ಜಾತ್ರೆ, ಮದುವೆ ಎಲ್ಲಕ್ಕೂ ಅವನ ಮುಖ ನೋಡಬೇಕು. ಇಷ್ಟು ಮಾತ್ರವೇ ಭರವಸೆಯಾದರೆ ಸಾಲದು ಎಂಬುದೂ ದಿಟ. ರಾಜ್ಯ ಸರ್ಕಾರ 2014-15ರಲ್ಲಿ ಶುರು ಮಾಡಿದ ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರಗಳು ಹೋಬಳಿಯಲ್ಲಿ ಚೆನ್ನಾಗಿ ನಡೆದರೆ, ಅಲ್ಲಿನ ದರ ಊರಿನ ದರವನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ಕೇಂದ್ರದ ಯಂತ್ರ ಕೆಟ್ಟು ನಿಂತಿದ್ದರೆ ಮಾಲೀಕರ ಮಾತೇ ಕಾನೂನು.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಭಾರದ್ದು, ಅದಕ್ಕೆ ಪೂರ್ತಿ ಉತ್ತರ ಈ ವಾದದಲ್ಲಿ ಇಲ್ಲ. ಬೆಂಕಿಯ ಸುತ್ತ ಗಂಡಸರು ಮಾತ್ರ ಇರುತ್ತಾರೆ, ಅವರಲ್ಲೂ ಹೊಲ-ಗಾಡಿ ಉಳ್ಳವರದೇ ದೊಡ್ಡ ದನಿ. ಯಾರು ಹತ್ತಿರ ಬಂದು ಕೈ ಕಾಸುತ್ತಾರೆ, ಯಾರು ದೂರ ನಿಂತು ಚಾ ಕುಡಿಯುತ್ತಾರೆ ಎಂಬುದನ್ನು ನೋಡಿದರೆ ಕೇರಿಗಳ ನಕ್ಷೆಯೇ ಕಾಣುವ ಊರುಗಳು ನಮ್ಮಲ್ಲಿವೆ. ಅದಿರಲಿ, ಮಂಜಿನ ಬಗ್ಗೆ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಇಲ್ಲವೇ ಇಲ್ಲ. ಹತ್ತಿ ಬಿಡಿಸುವವರು ಹೆಂಗಸರು, ಕೂಲಿ ಬಹುಮಟ್ಟಿಗೆ ಕಿಲೋ ಲೆಕ್ಕದಲ್ಲಿ. ಮಂಜು ಆರದೆ ಹೊಲಕ್ಕೆ ಇಳಿದರೆ ಸೀರೆ ತೊಯ್ದು ಬೆರಳು ಸೆಡೆತು ಕೈ ಓಡುವುದಿಲ್ಲ. ಆರುವ ತನಕ ಬದುವಿನ ಮೇಲೆ ಕೂತರೆ ಆ ಹೊತ್ತಿಗೆ ಕೂಲಿ ಇಲ್ಲ. ಟ್ರ್ಯಾಕ್ಟರ್ ಮಾಲೀಕನಿಗೆ ಇಬ್ಬನಿಯಿಂದ ಖಾಲಿಯಾದ ಎರಡು ತಾಸಿಗೆ ಬೇರೆ ಬಾಡಿಗೆ ಸಿಗುತ್ತದೆ, ಅವನ ಡಬ್ಬಿಯಲ್ಲಿ ನಸುಕಿಗೇ ಹೊಲಕ್ಕೆ ಬಂದ ಹೆಂಗಸರಿಗೆ ಸಿಗುವುದಿಲ್ಲ. ಹೊಲಕ್ಕೆ ಕರೆದೊಯ್ಯುವ ಹೊತ್ತನ್ನು ಅವರ ಗುಂಪಿನ ಮುಂದಾಳನ್ನು ಕೇಳಿ ಗೊತ್ತುಮಾಡುವ ಮಾಲೀಕರೂ ಇದ್ದಾರೆ, ಅಂಥವರ ಡಬ್ಬಿಗೆ ಆಳಿನ ಕೊರತೆ ಕಡಿಮೆ. ಪಾಳಿ ಹಂಚುವ ಮಾತು ಈ ಎರಡು ತಾಸಿನ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಾದರೆ, ನಾಳೆ ಮಂಜು ಎಷ್ಟಕ್ಕೆ ಆರೀತು ಎಂಬ ಪ್ರಶ್ನೆಯನ್ನು ಚಾ ಅಂಗಡಿಯಲ್ಲಿ ಕೇಳಿದ ಹಾಗೆಯೇ ಹಿಂದಿನ ಸಂಜೆ ಹತ್ತಿ ತೂಗುವ ಕಡೆಯೂ ಕೇಳಬೇಕು. ಅಲ್ಲಿ ಉತ್ತರ ಹೇಳುವವರು ಬೇರೆ, ಹೇಳುವ ಹೊತ್ತೂ ಬೇರೆ ಇದ್ದೀತು.